ಕಾಮಕಸ್ತೂರಿಯ ಕುಂಡ

ಎಲಾದಿಯೋನ ಬೋಳುತಲೆಯ ಮೇಲೆ ಪ್ಲಾಸ್ಟಿಕ್ ಸುತ್ತಿಗೆ 'ಕುಂಯ್' ಎಂದು ಬಿತ್ತು. ಹೊಡೆದ ಅಪರಿಚಿತ ಮುದುಕಿ ಬೊಚ್ಚುಬಾಯಿ ಬಿಟ್ಟು ನಗುತ್ತ ಮುಂದೆ ಹೋದಳು.

"ಬೇಜಾರ್ ಮಾಡ್ಕೋಬೇಡಿ. ಇವತ್ತು ನಮ್ಮೂರಿನ ಸಾವ್ ಜುವಾವ್ ಸಂತರ ಹಬ್ಬ, ಯಾರು ಯಾರ ತಲೆಗೆ ಬೇಕಾದ್ರೂ ಹೊಡೀಬಹುದು," ಎಂದಳು ಬೆಲ್ಮೀರಾ.

"ಬೇಜಾರ್ಯಾಕೆ? ನಂಗೂ ಒಂದು ಸುತ್ತಿಗೆ ಕೊಡ್ಸಿ!"

ಬೆಳಗಿನಿಂದ ಬೆಲ್ಮೀರಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹಿಂದೊಮ್ಮೆ ಮೊಣಕಾಲು ನೋವಿಗೆಂದು ಬಿಸಿನೀರಿನ ಬುಗ್ಗೆಗೆ ಹೋದಾಗ ಪಕ್ಕದ ತೊಟ್ಟಿಯಲ್ಲಿ ಕೂತಿದ್ದ ಈ ಸ್ಪೇನಿನ ವಿಧುರ, ಅಲ್ಲಿಂದೀಚೆಗೆ ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದ. ಈಗ ಗಡಿ ದಾಟಿ ಅವಳ ಊರಾದ ಪೋರ್ತೋಗೆ ಬಂದಿದ್ದ. ಊರು ನೋಡಲು ಬಂದನೋ, ತನ್ನನ್ನು ನೋಡಲು ಬಂದನೋ? ಸಂಜೆಯ ಬಸ್ಸು ಹೊರಡುವುದರೊಳಗೆ ಅವಳಿಗೆ ಅದೊಂದು ಗೊತ್ತಾಗಬೇಕಿತ್ತು. ರೈಲು ನಿಲ್ದಾಣದ ನೀಲಿ ಟೈಲ್ಸಿನ ಗೋಡೆ ಆಯಿತು, ನದಿ ದಂಡೆಯ ಟ್ರಾಮ್ ಆಯಿತು, ಇಬ್ಬರೂ ಮೊಣಕಾಲನ್ನು ಮರೆತು ದೊಡ್ಡ ಸೇತುವೆಯನ್ನೂ ದಾಟಿದ್ದಾಯಿತು. ಅವನು ಮಾತ್ರ ಎಲ್ಲದಕ್ಕೂ "ಆಹಾ" ಎಂದನೇ ಹೊರತು ಬೇರೆ ಮಾತೆತ್ತಲಿಲ್ಲ.

ಸುತ್ತಿಗೆ ತರುತ್ತೇನೆಂದು ಹೋದವನು ಕೈಯಲ್ಲಿ ಕಾಮಕಸ್ತೂರಿಯ ಪುಟ್ಟ ಕುಂಡವನ್ನೂ ಹಿಡಿದು ಬರುತ್ತಿದ್ದ. ಬೆಳಗಿನಿಂದ ಜೊತೆಗಿದ್ದ ಪಕ್ಕದ ಮನೆ ಒತೀಲಿಯಾ ಬೆಲ್ಮೀರಾಳ ಪಕ್ಕೆಗೆ ತಿವಿದಳು.

"ನೋಡೇ! ಹಬ್ಬದ ದಿನ ಗಂಡಸು ಅದನ್ನ ಯಾರಿಗೆ ಕೊಡ್ತಾನೆ ಹೇಳು?"

"ಮನಸ್ಸಿಗೆ ಬಂದವಳಿಗೆ. ಆದ್ರೆ ಅವರ ಊರಲ್ಲಿ ಆ ಪದ್ಧತಿ ಎಲ್ಲಿದೆ? ಪಾಪ, ಏನೋ ಗಿಡ ಅಂತ ತಗೊಂಡಿರ್ತಾರೆ."

"ಹಾಗಾದ್ರೆ ತಾಳು, ಗೊತ್ತಿದೆಯೋ ಇಲ್ವೋ ಮೂಸುವಾಗ ನೋಡೋಣ. ಗೊತ್ತಿಲ್ಲದವರು ಮೂಗು ತಗೊಂಡ್ಹೋಗಿ ಗಿಡಕ್ಕೇ ತುರುಕ್ತಾರೆ."

ಪೋರ್ತೋದ ಹಸುಗೂಸಿಗೂ ಅದು ಗೊತ್ತು. ಎಲೆಯ ಮೇಲೆ ಅಂಗೈ ಆಡಿಸಿ ಅಂಗೈಯನ್ನು ಮೂಸಬೇಕು. ಮೂಗು ತಾಗಿತೋ, ಗಿಡ ಸತ್ತಂತೆಯೇ.

"ಚೆನ್ನಾಗಿದೆ ಅಲ್ವಾ? ಅಡುಗೆಮನೆ ಕಿಟಕೀಲಿ ಇಟ್ರೆ ಲಕ್ಷಣವಾಗಿರತ್ತೆ," ಎಂದ ಎಲಾದಿಯೋ.

ಯಾರ ಅಡುಗೆಮನೆ? ಎಂದುಕೊಂಡಳು ಬೆಲ್ಮೀರಾ.

ಬೀದಿಯ ಮೇಜಿನಲ್ಲಿ ಸುಟ್ಟ ಸಾರ್ಡೀನ್ ಮೀನು ತಿನ್ನುವಾಗ ಕುಂಡ ನಡುವೆ ಕೂತಿತ್ತು. ಎಲಾದಿಯೋ ಒಮ್ಮೆ ಅದರ ಕಡೆ ಬಗ್ಗಿದ. ಬೆಲ್ಮೀರಾ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ನಿಲ್ಲಿಸಿದಳು. ಅವನು ಬಿದ್ದಿದ್ದ ಫೋರ್ಕು ಎತ್ತಿಕೊಂಡು ನೆಟ್ಟಗೆ ಕೂತ.

"ಮೀನಿನ ಮುಳ್ಳು ಸಿಕ್ಕಿಹಾಕ್ಕೊಂತೇನೇ?" ಎಂದು ಒತೀಲಿಯಾ ಕಿಸಕ್ಕನೆ ನಕ್ಕಳು.

ಬಸ್‌ಸ್ಟ್ಯಾಂಡಿನಲ್ಲಿ ಎಂಜಿನ್ ಆಗಲೇ ಗುರುಗುಡುತ್ತಿತ್ತು. ಎಲಾದಿಯೋ ಚೀಲ ಹೆಗಲಿಗೇರಿಸಿ, ಕುಂಡವನ್ನು ಬೆಲ್ಮೀರಾಳ ಕೈಗಿಟ್ಟ. ಹಿಡಿದುಕೊಂಡಿರಲು ಕೊಟ್ಟನೋ, ಇಟ್ಟುಕೊಳ್ಳಲು ಕೊಟ್ಟನೋ? ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಇದರ ವಾಸನೇನೇ ನೋಡಲಿಲ್ವಲ್ಲ ನೀವು?" ಎಂದು ಕುಂಡವನ್ನು ಅವನ ಮುಖದ ಹತ್ತಿರ ಹಿಡಿದಳು. ಒತೀಲಿಯಾ ಹತ್ತಿರ ಸರಿದು ಕತ್ತು ಚಾಚಿದಳು.

ಎಲಾದಿಯೋ ಬಗ್ಗಲಿಲ್ಲ. ಮಗುವಿನ ತಲೆ ಸವರುವವನಂತೆ ಎಲೆಗಳ ಮೇಲೆ ಅಂಗೈ ಆಡಿಸಿದ. ಆಮೇಲೆ ಆ ಅಂಗೈಯನ್ನು ತನ್ನ ಮೂಗಿಗಲ್ಲ, ಅವಳ ಮೂಗಿಗೆ ಹಿಡಿದ.

ಬಸ್ಸಿನವನು ಹಾರ್ನ್ ಹೊಡೆದ. ಮತ್ತೂ ಹೊಡೆದ. ಒತೀಲಿಯಾ ದಡದಡನೆ ಬಸ್ಸಿನ ಮೆಟ್ಟಿಲು ಹತ್ತಿ ಡ್ರೈವರನ ತಲೆಗೆ ಎಲಾದಿಯೋನ ಸುತ್ತಿಗೆಯಿಂದ 'ಕುಂಯ್' ಎನಿಸಿದಳು.

ಕಣ್ಣು ಮುಚ್ಚಿದ್ದ ಬೆಲ್ಮೀರಾ ಆ ಅಂಗೈಯಿಂದ ಇನ್ನೂ ಮೂಗು ತೆಗೆದಿರಲಿಲ್ಲ.