ಸಣ್ಣವಳಿಗೆ ಶಿಫಾರಸು

ಜೂನ್ ಹದಿನೇಳು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಐದು ನಿಮಿಷ.

"ಅಲ್ಲೇ ನಿಂತ್ಕೊಂಡು ಮಾತಾಡು. ಒದ್ದೆ ಕಾಲಲ್ಲಿ ಒಳಗೆ ಬಂದೀಯ, ಕಾರ್ಪೆಟ್ಟು ಹಾಳಾಗತ್ತೆ."

ಹಾಗೆಂದವರು ಕಾರ್ಮಿಕ ಕಾನೂನಿನ ಪ್ರಾಧ್ಯಾಪಕರು. ಹೊಸ್ತಿಲಾಚೆ ನಿಂತಿದ್ದವಳು ಅವರದೇ ವಿಷಯದಲ್ಲಿ ಇಡೀ ತರಗತಿಗೆ ಮೊದಲಿಗಳಾಗಿ ಪಾಸಾದ ವಿದ್ಯಾರ್ಥಿನಿ. ಪ್ಯಾಂಟಿನ ತುದಿಯನ್ನು ಮೊಣಕಾಲಿಗೆ ಮಡಚಿದ್ದಳು. ಕೈಯಲ್ಲಿ ಬಚ್ಚಲು ಉಜ್ಜುವ ಬ್ರಷ್ಷಿತ್ತು.

"ಸಾರ್, ಶಿಫಾರಸು ಪತ್ರ... ಎಲ್‌ಎಲ್‌ಎಂ ಅರ್ಜಿಗೆ ಇವತ್ತೇ ಕೊನೆ."

"ಬರೀತಿದ್ದೀನಲ್ಲ, ಕಣ್ಣು ಕಾಣಲ್ವಾ? ಅಂದಹಾಗೆ ನಿನ್ನ ಹೆಸರೇನೇ, ರಿಜಿಸ್ಟರಿನಲ್ಲಿರೋದು?"

ಮೂರು ವರ್ಷ ಅವಳ ಹಾಜರಿ ಕರೆದವರು ಅವರೇ. ಸಂಜೆ ಕಾಲೇಜಿನಲ್ಲಿ ಅವಳು ನಂಬರು ನಲವತ್ತೇಳು. ಈ ಮನೆಯಲ್ಲಿ ಅವಳ ಅಮ್ಮ ದೊಡ್ಡವಳು, ಅವಳು ಸಣ್ಣವಳು. ಇವೆರಡರ ನಡುವೆ ಇನ್ನೊಂದು ಹೆಸರಿನ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹೇಳಿದಳು. ಅವರು ಬರೆದುಕೊಂಡು, "ನಿಮ್ಮಂಥವರಿಗೆ ಇಷ್ಟುದ್ದ ಯಾಕೆ?" ಎಂದರು.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಎಲ್‌ಎಲ್‌ಎಂ ಅಂತೆ! ಇವಳು ಅದನ್ನ ಮಾಡ್ತಾ ಕೂತ್ರೆ ಪಾತ್ರೆ ನಾನು ತೊಳೀಲಾ?"

"ಓದ್ಲಿ ಬಿಡೇ. ಓದಿದವಳು ತೊಳೆದ್ರೆ ಪಾತ್ರೆಗೇನು ನಷ್ಟ?"

ತಮ್ಮ ಮಾತಿಗೆ ತಾವೇ ನಕ್ಕು, ಪ್ರಾಧ್ಯಾಪಕರು ಲಕೋಟೆಯ ಅಂಚನ್ನು ನಾಲಿಗೆಯಿಂದ ಸವರಿ ಅಂಟಿಸಿದರು. ಅಂಟಿಸಿದಲ್ಲಿ ವಿಭಾಗದ ಮೊಹರು ಒತ್ತಿದರು. "ನೀನು ಒಡೆದ್ರೆ ರದ್ದಾಗತ್ತೆ, ನೆನಪಿರ್ಲಿ. ಹೆತ್ತಪ್ಪನೂ ಹೀಗೆ ಹೊಗಳಲ್ಲ, ಹಾಗೆ ಬರ್ದಿದ್ದೀನಿ."

ಲಕೋಟೆಯನ್ನು ಅವಳ ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲಿಟ್ಟು, "ಬಚ್ಚಲು ಮುಗಿಸಿ ಹೋಗು" ಎಂದರು.

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಕಿಟಕಿಗಳು ಮೂರು, ತೆರೆದಿದ್ದುದು ಒಂದು. ಅದರ ಹಿಂದೆ ಕೂತ ಗುಮಾಸ್ತನನ್ನು ಎಲ್ಲರೂ ಸೀಲಪ್ಪ ಎನ್ನುತ್ತಿದ್ದರು. ಮುಂದೆ ಬಂದ ಕಾಗದಕ್ಕೆ ಮೊದಲು ಸೀಲು ಹೊಡೆದು ಆಮೇಲೆ ಯೋಚಿಸುವುದು ಅವನ ಕ್ರಮ. ಇವಳ ಹಿಂದೆ ಹತ್ತಾರು ಜನ, ಒಬ್ಬರಿಗಿಂತ ಒಬ್ಬರದು ಇಸ್ತ್ರಿ ಮಾಡಿದ ಅಂಗಿ. ಸೀಲಪ್ಪ ಲಕೋಟೆ ಒಡೆದ. ಎರಡು ಸಾಲು ಓದಿದ್ದೇ ಅವನ ಮುಖ ಅರಳಿತು.

"ಕೇಳ್ರಪ್ಪಾ ಎಲ್ರೂ! ಅಭ್ಯರ್ಥಿಗೂ ತಮಗೂ ಇರುವ ಸಂಬಂಧ: ಶಿಕ್ಷಕರೋ, ಉದ್ಯೋಗದಾತರೋ? ಸಾಹೇಬರು ಉದ್ಯೋಗದಾತರು ಅಂತ ಗುರುತು ಹಾಕವ್ರೆ!"

ಆಮೇಲೆ ಪೂರ್ತಿ ಪತ್ರವನ್ನೇ ಗಟ್ಟಿಯಾಗಿ ಓದಿದ.

"'ಸಣ್ಣವಳು ಎಂದು ನಾವು ಪ್ರೀತಿಯಿಂದ ಕರೆಯುವ ಈ ಅಭ್ಯರ್ಥಿಯು ತನ್ನ ಒಂಬತ್ತನೆಯ ವಯಸ್ಸಿನಿಂದ, ಹದಿನೈದು ವರ್ಷ ನಮ್ಮ ಮನೆಯಲ್ಲಿ ದುಡಿದಿದ್ದಾಳೆ. ನಂಬಿಗಸ್ತಳು. ಕೈ ಶುದ್ಧ, ಬೀರು ತೆರೆದಿಟ್ಟು ಪರೀಕ್ಷಿಸಿದ್ದೇವೆ. ಒಂದು ದಿನವೂ ರಜೆ ಕೇಳಿದವಳಲ್ಲ. ಊಟ ಮತ್ತು ಹಳೆಯ ಬಟ್ಟೆ ಬಿಟ್ಟರೆ ಇಂದಿನವರೆಗೆ ಸಂಬಳವೆಂದು ಬಾಯಿ ತೆರೆದವಳಲ್ಲ. ಎದುರು ಮಾತಾಡುವುದಿಲ್ಲ. ಉನ್ನತ ಕಾನೂನು ವ್ಯಾಸಂಗಕ್ಕೆ ಯೋಗ್ಯಳು.'"

"ಎದುರು ಮಾತಾಡದ ವಕೀಲಮ್ಮ!" ಸಾಲಿನಲ್ಲಿ ಯಾರೋ ಅಂದರು. "ಕೋರ್ಟಲ್ಲಿ ಏನ್ ಮಾಡ್ತಾಳೆ, ಕಸ ಗುಡಿಸ್ತಾಳಾ?"

ಸಾಲಿಗೆ ಸಾಲೇ ನಕ್ಕಿತು. ನಗುವುದಕ್ಕಾಗಿ ಸೀಲಪ್ಪ ಕನ್ನಡಕ ತೆಗೆದಿಟ್ಟ. "ಏನಮ್ಮಾ, ಎಲ್‌ಎಲ್‌ಎಂಗೆ ಬಂದಿದ್ದೀಯೋ, ನಮ್ಮನೆ ಮುಸುರೆಗೆ ಬಂದಿದ್ದೀಯೋ? ಇದನ್ನಿಟ್ರೆ ನಿಂಗೆ ಸೀಟಲ್ಲ, ಪೊರಕೆ ಸಿಗತ್ತೆ. ತಗೊಂಡೋಗಿ ಬೇರೆ ಬರೆಸ್ಕೊಂಡು ಬಾ."

ಅವಳು ಪತ್ರ ಹಿಡಿದು ಹೊರಗೆ ಮೆಟ್ಟಿಲ ಬಳಿ ಬಂದಳು. ಕಿವಿಯ ತುದಿಯವರೆಗೆ ಉರಿಯುತ್ತಿತ್ತು. ಮೊದಲ ಸಲ ಓದಿದಾಗ ಕಣ್ಣಿಗೆ ಬಿದ್ದದ್ದು ಬೀರು. ಎರಡನೆಯ ಸಲ ಹಳೆಯ ಬಟ್ಟೆ. ಮೂರನೆಯ ಸಲ, ಪರೀಕ್ಷೆಯಲ್ಲಿ ಪ್ರಕರಣವೊಂದನ್ನು ಬಿಡಿಸುವವಳಂತೆ ಓದಿದಳು. ಯಾರು ದುಡಿಸಿಕೊಂಡದ್ದು, ಯಾವ ವಯಸ್ಸಿನಿಂದ, ಎಷ್ಟು ಕಾಲ, ಯಾವ ಸಂಬಳಕ್ಕೆ. ಎಲ್ಲಕ್ಕೂ ಉತ್ತರ ಅಲ್ಲೇ ಇತ್ತು. ಕೆಳಗೆ ರುಜು, ತಾರೀಖು, ಮೊಹರು.

ಮೆಟ್ಟಿಲ ಮೇಲೆ, ಜೊತೆಗೆ ಬಂದಿದ್ದ ಅವಳ ಅಮ್ಮ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. "ಏನಂತೆ? ಏನ್ ಬರ್ದವ್ರೆ?"

ಮಗಳು ಓದಿ ಹೇಳಿದಳು. ಅಮ್ಮನ ಮುಖ ಅರಳಿತು. "ಒಳ್ಳೇದೇ ಬರ್ದವ್ರಲ್ಲೇ! ನನ್ಗೊಂದಿನಾನೂ ಇಷ್ಟು ಹೊಗಳಿಲ್ಲ, ಹಾಳಾದ ನನ್ಮಗ."

"ಅಮ್ಮಾ, ಒಂಬತ್ತು ವರ್ಷದ ಮಗೂನ ಸಂಬಳ ಇಲ್ದೆ ದುಡಿಸ್ಕೊಂಡ್ರೆ ಅದು ಅಪರಾಧ. ಅದನ್ನ ನಂಗೆ ಪಾಠ ಮಾಡಿದ್ದು ಯಾರು ಗೊತ್ತಾ? ಇವ್ರೇ. ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ರು."

ಅಮ್ಮನ ಕೈ ಮಂಡಿಯ ಮೇಲೆಯೇ ನಿಂತಿತು.

"ನಿನ್ನ ಕೈ ಹಿಡ್ಕೊಂಡು ಅಲ್ಲಿಗೆ ಕರ್ಕೊಂಡ್ಹೋಗಿದ್ದು ನಾನೇ ತಾನೇ? ಮನೇಲಿ ಒಬ್ಳನ್ನೇ ಬಿಡೋಕಾಗ್ದೆ. ನನ್ನೂ ಹಿಡೀತಾರಾ?"

"ಹಿಡಿದ್ರೆ ಹಿಡೀಲಿ. ವಕೀಲಳು ಮನೇಲೇ ಇದ್ದಾಳಲ್ಲ."

ಅಮ್ಮನಿಗೆ ನಗು ಬಂತು, ತಡೆಯಲು ಹೋಗಿ ಕೆಮ್ಮು ಬಂತು. "ಸೀಟು?"

"ಸೀಟಿನ ಪಟ್ಟಿಗೆ ರುಜು ಹಾಕೋರೂ ಅವ್ರೇ ಅಮ್ಮಾ. ಇದನ್ನ ದಾಖಲೆಗೆ ಕೊಟ್ರೆ ಸೀಟು ಹೋಗತ್ತೆ. ಬೇರೆ ಬರೆಸ್ಕೊಳ್ಳೋಕೆ ಹೋದ್ರೆ ಇದನ್ನ ಅವ್ರೇ ಕಿತ್ಕೋತಾರೆ."

ಅಮ್ಮ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. "ಒಂಬತ್ತು ವರ್ಷದ ನೀನು ಅವ್ರ ಸಿಂಕಿಗೆ ಎಟುಕ್ತಿರ್ಲಿಲ್ಲ. ಅವನ ಕಾನೂನು ಪುಸ್ತಕ ಎರಡು ಜೋಡಿಸಿ, ಮೇಲೆ ಹತ್ತಿಸ್ತಿದ್ದೆ. ಹೋಗು. ಒಳಗೆ ಹೋಗಿ ಕೊಡು."

ಕಿಟಕಿಯಲ್ಲಿ ಅರ್ಜಿಯನ್ನೂ ಅದೇ ಪತ್ರವನ್ನೂ ಇಟ್ಟು, "ಸ್ವೀಕರಿಸಿ ಸಾರ್. ಪತ್ರದ ಜೆರಾಕ್ಸ್ ತಂದಿದ್ದೀನಿ, ಮೂಲದಂತಿದೆ ಅಂತ ಸೀಲು ಹಾಕ್ಕೊಡಿ" ಎಂದಳು. ಸೀಲಪ್ಪ ಅಭ್ಯಾಸಬಲದಿಂದ ಟಪಟಪನೆ ಎರಡಕ್ಕೂ ಹೊಡೆದು, ರುಜು ಹಾಕಿ, ನಕಲನ್ನು ಕಿಟಕಿಯಿಂದ ತಳ್ಳಿದ. ಅದು ಅವಳ ಚೀಲ ಸೇರಿದ ಮೇಲೆ ಅವನು ಯೋಚಿಸಿದ. ಫೋನಿಗೆ ಕೈ ಹಾಕಿದ.

ಅಮ್ಮನ ಮಂಡಿನೋವು ಇಳಿಯಲೆಂದು ಇಬ್ಬರೂ ಮೆಟ್ಟಿಲ ಮೇಲೆಯೇ ಕೂತಿದ್ದರು. ಪ್ರಾಧ್ಯಾಪಕರು ಬಂದಾಗ ಕಾಲಲ್ಲಿ ಮನೆಯ ಚಪ್ಪಲಿ ಇತ್ತು, ಕೈಯಲ್ಲಿ ಹೊಸ ಪತ್ರ.

"ಮಗಳೇ," ಎಂದರು.

ಅವರ ಮಗಳೂ ಬಂದಿದ್ದಾಳೇನೋ ಎಂದು ಅಮ್ಮ ಹಿಂದೆ ತಿರುಗಿ ನೋಡಿದಳು.

"ಆ ಕಾಗದ ಆತುರದಲ್ಲಿ ಬರೆದದ್ದು. ಇದನ್ನ ನೋಡು: ಅಸಾಧಾರಣ ಪ್ರತಿಭೆ, ತೀಕ್ಷ್ಣ ಕಾನೂನು ಪ್ರಜ್ಞೆ. ಪಟ್ಟಿಯಲ್ಲಿ ಮೊದಲ ಹೆಸರು ನಿಂದೇ, ನನ್ನ ಮಾತು. ಹಳೇದರ ಆ ನಕಲು ಕೊಟ್ಬಿಡು."

"ಹಳೇದರಲ್ಲಿ ಸುಳ್ಳೇನಿದೆ ಸಾರ್?"

"ಸುಳ್ಳಲ್ಲಮ್ಮಾ... ಪ್ರೀತಿಯಿಂದ ಬರೆದದ್ದು ಅದು."

"ಅದಕ್ಕೇ ಸಾರ್. ಬಲವಂತದ ತಪ್ಪೊಪ್ಪಿಗೆ ನಿಲ್ಲಲ್ಲ ಅಂತ ಕಾಲೇಜಲ್ಲಿ ಕಲಿಸಿದ್ರಿ. ಇದು ಪ್ರೀತಿಯಿಂದ ಕೊಟ್ಟದ್ದು."

ಬಾಗಿಲವರೆಗೆ ಬೆಳೆದಿದ್ದ ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ. ಪ್ರಾಧ್ಯಾಪಕರ ದನಿ ಇಳಿಯಿತು, ಜೊತೆಗೆ ಮುಖದ ಬಣ್ಣವೂ. "ಅನ್ನ ಹಾಕಿದ ಮನೆ ಕಣೇ ಅದು. ಇದೊಂದು ಸೀಟು ನಿಂಗೆ ಈ ಜನ್ಮದಲ್ಲಿ ಸಿಗಲ್ಲ, ತಿಳ್ಕೋ."

"ಅನ್ನ ಮಾಡಿದ್ದು ನಾನು ಕಣಯ್ಯಾ," ಎಂದಳು ಅಮ್ಮ ಮೆಟ್ಟಿಲಿಂದ ಏಳುತ್ತ. "ಪಾತ್ರೆ ತೊಳೆದದ್ದು ಇವಳು. ನೀನು ಹಾಕಿದ್ದೇನು, ತಿಂದ ಎಂಜಲು ತಟ್ಟೆ! ಥೂ ನಿನ್ನ."

ಹದಿನೈದು ವರ್ಷದಲ್ಲಿ ಅವಳು ಅವರನ್ನು ಎದುರಿಗೇ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಪ್ರಾಧ್ಯಾಪಕರು ತೆರೆದ ಬಾಗಿಲಾಚೆ ಕಿಟಕಿಯಲ್ಲಿದ್ದ ಸೀಲಪ್ಪನ ಕಡೆ ನೋಡಿದರು. ಸೀಲಪ್ಪ ಕನ್ನಡಕ ಹುಡುಕುತ್ತಿದ್ದ.

ಅಂಚೆ ಕಚೇರಿ ಎದುರು ರಸ್ತೆಯಲ್ಲಿತ್ತು. ಗೋಡೆಗೆ ಹತ್ತಿಸಿದ ಹಲಗೆಯ ಮೇಲೆ ನಿಂತೇ ಅವಳು ದೂರು ಬರೆದಳು. ಎರಡು ಹಾಳೆ ದೂರು, ಒಂದು ಹಾಳೆ ನಕಲು. ದೂರುದಾರಳ ಹೆಸರು ಎಂಬಲ್ಲಿ ತನ್ನ ಉದ್ದ ಹೆಸರನ್ನು ಒಂದಕ್ಷರವೂ ಬಿಡದೆ ತುಂಬಿದಳು. ಅಂಚೆಯವಳು ಲಕೋಟೆಯನ್ನು ತಕ್ಕಡಿಯ ಮೇಲಿಟ್ಟಳು.

"ರಿಜಿಸ್ಟರಾ? ಯಾರಿಗೆ?"

"ಕಾರ್ಮಿಕ ಅಧಿಕಾರಿಗೆ."

"ಅಲ್ಲಿಗೆ ಹೋದ ಕಾಗದಕ್ಕೆ ಉತ್ತರ ಬಂದದ್ದು ನಾನಂತೂ ನೋಡಿಲ್ಲಮ್ಮ," ಎಂದು ಅಂಚೆಯವಳು ತಕ್ಕಡಿಯ ಅಂಕಿ ನಿಲ್ಲುವವರೆಗೆ ಕಾದು, ಓದಿದಳು.

ಹತ್ತೊಂಬತ್ತು ಗ್ರಾಂ.