ಬದುಕಿದ್ದಾಗಲೇ ತೊಟ್ಟ ಬಟ್ಟೆ

ಕೊರಿಯಾದ ಈ ಬೆಟ್ಟದೂರಿನ ಚರ್ಚಿನಲ್ಲಿ ನಾನು ನಿವೃತ್ತನಾದಾಗ ಜನ ಸನ್ಮಾನ ಇಟ್ಟುಕೊಂಡರು. ‘ದೇವರ ಆಳಿಗೆ ಸನ್ಮಾನವೇಕಪ್ಪ’ ಎಂದು ಎರಡು ಮೂರು ಸಲ ಹೇಳಿದೆ. ಇನ್ನೊಂದು ಸಲ ಹೇಳಿದರೆ ಎಲ್ಲಿ ಒಪ್ಪಿಬಿಡುತ್ತಾರೋ ಎಂದು ಸುಮ್ಮನಾದೆ.

ಐರ್ಲೆಂಡಿನಿಂದ ಬಂದಾಗ ನಾನು ಮೀಸೆ ಚಿಗುರದ ಪಾದ್ರಿ. ಈಗ ಎಂಬತ್ತು ದಾಟಿದೆ. ಸನ್ಮಾನ ಮುಗಿಸಿಕೊಂಡು ಐರ್ಲೆಂಡಿನಲ್ಲಿರುವ ನಮ್ಮ ಪಾದ್ರಿಗಳ ಸಭೆಯ ವೃದ್ಧಾಶ್ರಮಕ್ಕೆ ಹೊರಡುವುದೆಂದು ತೀರ್ಮಾನವಾಗಿತ್ತು.

ಪೂಜೆಯಾಯಿತು, ಭಾಷಣಗಳಾದವು. ಇಷ್ಟು ವರ್ಷ ನನಗೆ ಸೋಯಾ ಸಾರು ಬಡಿಸುತ್ತ, ಬಡಿಸುವಾಗೆಲ್ಲ ಬೈಯುತ್ತ ಬಂದ ಬೊಕ್‌ಸುನ್ ಅಜ್ಜಿ ಒಂದು ರೇಷ್ಮೆಯ ಗಂಟನ್ನು ನನ್ನ ಕೈಗಿಟ್ಟಳು. ಒಳಗೆ ನಾರುಬಟ್ಟೆಯ ಉದ್ದ ನಿಲುವಂಗಿ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಕನ್ನಡಕ ತೆಗೆದಿಟ್ಟಿದ್ದೆ. ಹಬ್ಬದ ಉಡುಪೇ ಇರಬೇಕೆಂದು ಅಲ್ಲೇ ತೊಟ್ಟು, ಮದುಮಗನ ಹಾಗೆ ಒಂದು ಸುತ್ತು ತಿರುಗಿದೆ.

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಎದ್ದು ಕೂಗಿದಳು.

“ಅಯ್ಯೋ ಸ್ವಾಮಿ, ಬಿಚ್ರೀ! ಅದು ಹೆಣಕ್ಕೆ ಉಡ್ಸೋದು!”

ಅಂಥದೇ ಬಟ್ಟೆ ಉಟ್ಟ ನೂರಾರು ಜನರನ್ನು ಮಣ್ಣು ಮಾಡಿದವನು ನಾನು. ಆದರೂ ಹೊಳೆದಿರಲಿಲ್ಲ.

“ಅಳತೆ ಸರಿಯಾಗಿದೆ ಬಿಡಿ,” ಎಂದೆ, ಮಾನ ಉಳಿಸಿಕೊಳ್ಳಲು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. “ಹೆತ್ತವರು ಬದುಕಿರೋವಾಗ್ಲೇ ಮಕ್ಕಳು ಇದನ್ನ ಹೊಲಿಸಿಟ್ರೆ ಆಯಸ್ಸು ಗಟ್ಟಿ. ನಿಮಗೆ ನಾವಲ್ದೆ ಇನ್ಯಾರಿದಾರೆ ಮಕ್ಕಳು?”

“ನೀವು ನನಗಿಂತ ದೊಡ್ಡೋರಲ್ವಾ ಅಜ್ಜಿ!”

“ಮಗಳಿಗೆ ವಯಸ್ಸಾಗಬಾರ್ದಾ?”

ಜೀವಮಾನವಿಡೀ ‘ಮಕ್ಕಳೇ’ ಎಂದು ಪ್ರಸಂಗ ಶುರುಮಾಡಿದವನು ನಾನು. ಅದನ್ನು ಯಾರಾದರೂ ನಿಜವೆಂದು ನಂಬಿದ್ದಾರೆಂದು ಮಾತ್ರ ಎಣಿಸಿರಲಿಲ್ಲ. ವಾರವಿಡೀ ಕನ್ನಡಿಯ ಮುಂದೆ ಗಟ್ಟಿಮಾಡಿದ್ದ ಭಾಷಣವನ್ನು ಕೈಬಿಟ್ಟೆ. ಮೂಗು ಒರೆಸಿಕೊಂಡು ಕೂತೆ, ಅದೂ ಆ ಬಟ್ಟೆಯ ತೋಳಿಗೇ.

ಊಟವಾದ ಮೇಲೆ ನನ್ನನ್ನು ಚರ್ಚಿನ ಹಿಂದಿನ ಗುಡ್ಡಕ್ಕೆ ನಡೆಸಿದರು. ಬಿಸಿಲು ಬೀಳುವ ಇಳಿಜಾರಿನಲ್ಲಿ, ಅಜ್ಜಿಯ ಗಂಡ ದಾಲ್‌ಹೋನ ಗೋರಿಯ ಮಗ್ಗುಲಿಗೆ, ಹುಲ್ಲು ಸವರಿ ಒಂದು ಜಾಗ ಗುರುತು ಮಾಡಿದ್ದರು.

“ನಿಮ್ಮದೇ,” ಎಂದಳು ಅಜ್ಜಿ. “ನೀವು ಪ್ರಸಂಗಕ್ಕೆ ಬಾಯಿ ತೆಗೆದ್ರೆ ಸಾಕು, ನಮ್ಮ ಯಜಮಾನ್ರು ನಿದ್ದೆ ಹೋಗ್ತಿದ್ರು. ಇನ್ನು ನೀವು ಎಷ್ಟು ಬೇಕಾದ್ರೂ ಮಾತಾಡಿ.”

ಮರುದಿನ ಐರ್ಲೆಂಡಿಗೆ ಫೋನು ಮಾಡಿ, ಬರುವುದಿಲ್ಲವೆಂದೆ.

“ಇರೋಕೆ ಜಾಗ ಸಿಕ್ತಾ?” ಎಂದರು ನಮ್ಮ ಸಭೆಯ ಹಿರಿಯರು.

“ಸಿಕ್ತು.”

“ಬಾಡಿಗೇದಾ?”

“ಸ್ವಂತದ್ದು,” ಎಂದೆ. ನನ್ನ ದನಿಯಲ್ಲಿ ಆ ವಯಸ್ಸಿಗೆ ಒಪ್ಪದಷ್ಟು ಜಂಬವಿತ್ತು.