ಕೌದಿಯ ಒಳಪದರ

ಸೊಸೆ ಟಬ್ಬಿಗೆ ಎರಡನೆಯ ಬಕೆಟ್ ನೀರು ಸುರಿಯುತ್ತಿದ್ದಾಗ ನಾದಿನಿ ಹಿತ್ತಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅತ್ತಿಗೆ, ತಲೆಗಿಲೆ ಕೆಟ್ಟಿದೆಯಾ ನಿಮಗೆ? ಅಮ್ಮನ್ನ ನಡುಮನೇಲಿ ಮಲಗಿಸಿದೀವಿ, ಮಧ್ಯಾಹ್ನ ಗಾಡಿ ಬರುತ್ತೆ, ನೀವು ನೋಡಿದ್ರೆ ಬಟ್ಟೆ ಒಗೀತಾ ಕೂತಿದೀರ!"

"ಬಟ್ಟೆ ಅಲ್ಲ, ಅತ್ತೆಯ ಕೌದಿ. ಇದನ್ನೇ ಹೊದಿಸಬೇಕು ಅಂದವಳು ನೀನೇ ತಾನೆ?"

"ಇದ್ದ ಹಾಗೇ ಹೊದಿಸೋಣ ಅಂದೆ."

"ಒಗೀದೆ ಇದ್ರೆ ಅದು ಕೌದಿ ಅಲ್ಲ ಕಣೆ, ಬರೀ ಹೊಲಿಗೆ."

ಮಾತು ಸರಿಯೇ. ಆ ಮನೆಯ ಕೌದಿಗಳ ಅಂಚು ಒಳಗೆ ಅಡಗುವುದಿಲ್ಲ, ಮೇಲೆಯೇ ಎದ್ದು ನಿಲ್ಲುತ್ತದೆ. ಮೂರು ಪದರದ ಚೌಕಗಳನ್ನು ಜೋಡಿಸಿ, ಆ ಅಂಚಿಗೆ ಕತ್ತರಿಯಿಂದ ಒತ್ತೊತ್ತಾಗಿ ಕಚ್ಚು ಹಾಕುತ್ತಾರೆ. ನೀರಿಗೆ ಬಿದ್ದು, ಹಿಂಡಿಸಿಕೊಂಡು, ಒದರಿಸಿಕೊಂಡ ಮೇಲೆಯೇ ನೂಲು ಬಿಚ್ಚಿ ಕುಚ್ಚಾಗಿ ಅರಳುವುದು. ಅಲ್ಲಿಯವರೆಗೆ ಅದು ರಟ್ಟಿನ ಹಾಗೆ ಬಿರುಸು.

ಒಳಗಿಂದ ಗುಂಡಿ-ನೂಲಿನ ಅಂಗಡಿಯವನ ದನಿ ಕೇಳುತ್ತಿತ್ತು: "ಒಂದು ಉಂಡೆ ನೂಲು ಕೊಳ್ಳೋಕೂ ಅಮ್ಮಾವ್ರು ಬಿಸಿಲಿಗೆ ಹಿಡಿದು ಹಿಡಿದು ನೋಡೋರು ಕಣ್ರೀ. ನಾನು ಹೆಣ್ಣು ನೋಡೋಕೆ ಹೋದಾಗಲೂ ಅಷ್ಟು ನೋಡ್ಲಿಲ್ಲ!" ಯಾರೋ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಸುಮ್ಮನಾದರು.

ನಾದಿನಿ ದನಿ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಒಗೆಯೋದು ನಿಮಗೆ ಆಗಿಬರಲ್ಲ. ಇದರಲ್ಲಿ ಕೆಂಪಿದೆ. ಬಣ್ಣ ಬಿಟ್ರೆ ಅಮ್ಮ ಪಟ್ಟ ಕಷ್ಟವೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ."

ಸೊಸೆಯ ಕೈ ನೀರಿನಲ್ಲೇ ನಿಂತಿತು. ಅವಳಿಗೂ ಅದೇ ಹೆದರಿಕೆ.

* * *

ಅವಳು ಮದುವೆಯಾಗಿ ಬಂದ ಹೊಸತು. ಕೌದಿಯ ಬಟ್ಟೆಯನ್ನು ಮೊದಲು ಉಪ್ಪುನೀರಿನಲ್ಲಿ ನೆನೆಸಿ, ಒಗೆದು, ಕುಗ್ಗುವಷ್ಟು ಕುಗ್ಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ. ಕೆಂಪು ಬೇರೆ, ಬಿಳಿ ಬೇರೆ. ಭೇಷ್ ಅನ್ನಿಸಿಕೊಳ್ಳುವ ಆತುರದಲ್ಲಿ ಹೊಸ ಸೊಸೆ ಎರಡನ್ನೂ ಒಟ್ಟಿಗೇ ಮುಳುಗಿಸಿದಳು. ಬೆಳಗ್ಗೆ ನೋಡಿದರೆ ಇಡೀ ಬಿಳಿ ಬಟ್ಟೆಯೇ ಗುಲಾಬಿ!

ಅತ್ತೆ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗುಲಾಬಿ ಬಟ್ಟೆಯನ್ನು ಹಿಂಡಿ, ಒಣಗಿಸಿ, ಎಲ್ಲೋ ಒಯ್ದಿಟ್ಟರು. "ಇನ್ಮೇಲೆ ನೀನು ಕತ್ತರಿಸು, ನಾನು ಒಗೀತೀನಿ" ಅಂದರು.

ಸೊಸೆಯ ತಲೆ ನರೆತರೂ ಆ ಮಾತು ಬದಲಾಗಲಿಲ್ಲ. ಮನೆಗೆ ಬಂದವರ ಮುಂದೆ ಅದೇ ತಮಾಷೆ: "ನಮ್ಮ ಸೊಸೆ ನೀರಿಗೆ ಕೈ ಅದ್ದಿದ್ರೆ ಕೊಕ್ಕರೆಗೂ ಬಣ್ಣ ಹತ್ತುತ್ತೆ!" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ.

ಈ ಕೊನೆಯ ಕೌದಿಯನ್ನಂತೂ ಅತ್ತೆ ಬಾಗಿಲು ಹಾಕಿಕೊಂಡು ಒಬ್ಬರೇ ಹೊಲಿದರು. ಕತ್ತರಿಸಲೂ ಕರೆಯಲಿಲ್ಲ. ಅದಕ್ಕೂ ಬೇಡವಾದೆನಲ್ಲ ಎಂದು ಸೊಸೆ ಬಚ್ಚಲಲ್ಲಿ ನಿಂತು ಅತ್ತಿದ್ದಳು. ನಿನ್ನೆ ಸಂಜೆ ಅತ್ತೆ ಮಡಚಿದ ಕೌದಿಯನ್ನು ಅವಳ ಮಡಿಲಿಗೆ ತಳ್ಳಿ, "ನೀನೇ ಒಗಿ. ಕೆಂಪೂ ಬಿಳೀನೂ ಒಟ್ಟಿಗೇ" ಅಂದರು. ಜ್ವರದ ಬಡಬಡಿಕೆ ಎಂದುಕೊಂಡಳು.

* * *

"ಅವರೇ ಹೇಳಿದಾರೆ" ಎಂದು ಸೊಸೆ ಕೌದಿಯನ್ನು ನೀರಿಗೆ ಅದುಮಿದಳು.

ನಾದಿನಿಯೂ ಉಸಿರು ಬಿಗಿಹಿಡಿದು ಬಗ್ಗಿದಳು. ನೀರು ತಿಳಿಯಾಗಿಯೇ ಇತ್ತು. ಸೊಸೆ ಕುಕ್ಕಿದಳು, ಹಿಂಡಿದಳು, ಟಬ್ಬಿನ ತಳ ಕಾಣುತ್ತಲೇ ಇತ್ತು. ಬಿಡುವ ಬಣ್ಣವೆಲ್ಲ ಬಿಡುವ ತನಕ ಅತ್ತೆ ಆ ಕೆಂಪನ್ನು ಎಷ್ಟು ಸಲ ಒಗೆದಿದ್ದರೋ.

ಇಬ್ಬರೂ ಒಂದೊಂದು ತುದಿ ಹಿಡಿದು ಜೋರಾಗಿ ಒದರಿದರು. ಅಂಚು ಬಿಚ್ಚಿಕೊಂಡಿತು.

"ಅಯ್ಯೋ, ಬಣ್ಣ ಹತ್ತಿಯೇ ಬಿಡ್ತಲ್ಲ ಅತ್ತಿಗೆ! ನೋಡಿ, ಗುಲಾಬಿ!"

ಸೊಸೆ ಒಂದು ಕುಚ್ಚನ್ನು ಬೆರಳಿನಿಂದ ಬಿಡಿಸಿದಳು. ಈಚೆಗೆ ಅಚ್ಚ ಕೆಂಪು, ಆಚೆಗೆ ಅಚ್ಚ ಬಿಳಿ. ಗುಲಾಬಿ ಇದ್ದದ್ದು ನಡುವಿನ ಪದರದಲ್ಲಿ. ಪಕ್ಕದ ಚೌಕದಲ್ಲೂ ಅದೇ, ಅದರ ಪಕ್ಕದ್ದರಲ್ಲೂ ಅದೇ.

"ಹತ್ತಿದ್ದು ಇವತ್ತಲ್ಲ ಕಣೆ" ಅಂದಳು. ಬೆಳಗ್ಗಿನಿಂದ ಬಾರದ ಅಳು ಆಗ ಬಂತು.

ನಾದಿನಿ ಕೌದಿಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. "ಇದು ಅಮ್ಮನಿಗಲ್ಲ ಬಿಡಿ" ಎಂದು ಒಳಗೆ ಹೋಗಿ ಬೀರುವಿನಿಂದ ಬೇರೆ ಹೊದಿಕೆ ತೆಗೆದಳು.

ಗಾಡಿ ಹೊರಟಾಗ ಸೊಸೆಯ ಒದ್ದೆ ತೋಳಿನ ತುಂಬ ಗುಲಾಬಿ ನೂಲಿನ ಚೂರುಗಳು ಅಂಟಿಕೊಂಡಿದ್ದವು. ಪಕ್ಕದಲ್ಲಿ ಕೂತ ನಾದಿನಿ ಒಂದನ್ನು ಕಿತ್ತು ತೆಗೆಯಲು ಕೈ ಚಾಚಿದಳು.

"ಇರಲಿ ಬಿಡೆ" ಎಂದು ಸೊಸೆ ತೋಳನ್ನು ಎದೆಗವಚಿಕೊಂಡಳು.